ವಾಪಸಿನ ತಾರೀಕು

ಗಲ್ಲುಶಿಕ್ಷೆಯಾದ ಕರಿಬಸಪ್ಪ ಜೈಲಿನ ಲೈಬ್ರರಿಗೆ ಹೋಗುವಂತಿರಲಿಲ್ಲ. ಹಾಗಾಗಿ ಗುಮಾಸ್ತ ಶಿವಸ್ವಾಮಿಯವರೇ ಎರಡು ವಾರಕ್ಕೊಮ್ಮೆ ಚೀಲ ಹೊತ್ತು ಅವನ ಕೋಣೆಯ ಮುಂದೆ ಬರುತ್ತಿದ್ದರು. ಪುಸ್ತಕದ ಹಿಂದಿನ ಚೀಟಿಯ ಮೇಲೆ ಹದಿನಾಲ್ಕು ದಿನ ಮುಂದಿನ ತಾರೀಕಿನ ಮುದ್ರೆ ಒತ್ತಿ ಸರಳಿನ ಸಂದಿಯಿಂದ ಒಳಗೆ ಕೊಡುವರು. ಪುಸ್ತಕ ವಾಪಸು ಬರುವುದು ಒಂದೇ ಒಂದು ದಿನ ತಡವಾದರೂ ಶಿವಸ್ವಾಮಿಯವರಿಗೆ ತಡೆಯದು.

ಡಿಸೆಂಬರ್ ಕೊನೆಯ ಸೋಮವಾರ ಅವರು ಎಂದಿನಂತೆ ಸ್ಟೂಲು ಎಳೆದುಕೊಂಡು ಕೂರಲಿಲ್ಲ.

"ಈ ವರ್ಷ ಇಪ್ಪತ್ತಾರು ಓದಿದೆ ಸಾರ್," ಎಂದ ಕರಿಬಸಪ್ಪ.

"ಯಾವುದು ಹಿಡಿಸ್ತು?"

"ಆ ದೋಣಿ ನಡೆಸೋನ ಕಥೆ. ಮುಗಿಯೋದು ಬೇಡ ಅಂತ ಕೊನೇ ನಾಕು ಪುಟ ಎರಡು ದಿನ ಹಂಗೇ ಇಟ್ಕೊಂಡಿದ್ದೆ."

"ಒಳ್ಳೇದು."

"ನನ್ನ ಕ್ಷಮಾದಾನದ ಅರ್ಜಿಗೆ ಉತ್ತರ ಏನಾದ್ರೂ ಬಂತಾ ಸಾರ್?"

"ಇಲ್ಲ ಕಣಯ್ಯಾ, ಏನೂ ಬಂದಿಲ್ಲ."

"ಹಂಗಾದ್ರೆ ಚೀಲದಲ್ಲಿರೋ ಆ ದಪ್ಪ ಪುಸ್ತಕ ಕೊಡಿ. ಹೊಸ ವರ್ಷ ಅದರಲ್ಲೇ ಶುರುವಾಗ್ಲಿ."

"ಈ ಸಲ ಸಣ್ಣದೊಂದು ತಗೋ. ಕಥೆ ಚೆನ್ನಾಗಿದೆ."

"ದಪ್ಪದೇ ಇರ್ಲಿ ಸಾರ್. ಹದಿನಾಲ್ಕು ದಿನ ಇದೆಯಲ್ಲ!"

ಶಿವಸ್ವಾಮಿಯವರು ದಪ್ಪದನ್ನೇ ಚೀಲದಿಂದ ತೆಗೆದರು. ಮೂವತ್ತು ವರ್ಷದ ಅಭ್ಯಾಸದ ಕೈ ಚೀಟಿಯ ಮೇಲೆ ಮುದ್ರೆ ಒತ್ತಿತು. ಪುಸ್ತಕವನ್ನು ಒಳಗೆ ತೂರಿಸಿ, ಅವನ ಮುಖ ನೋಡದೆ ಹೊರಟುಹೋದರು.

ಯಾವತ್ತಿನೊಳಗೆ ಮುಗಿಸಬೇಕೆಂದು ನೋಡಲು ಕರಿಬಸಪ್ಪ ಹಿಂದಿನ ರಟ್ಟು ತೆಗೆದ.

ಶಾಯಿ ಇನ್ನೂ ಆರದ ಆ ಮುದ್ರೆಯಲ್ಲಿ ನಾಳೆಯ ತಾರೀಕಿತ್ತು.