ಸೆನೆಟರನ ಊಟ, ಲೊರೇನಳ ನೋಟಿಸು

ಬಾಟಲಿಯೊಳಗಿನ ಜಿರಳೆ ಮೀಸೆ ಅಲ್ಲಾಡಿಸಿತು. ವೆಂಡೆಲ್ ಪ್ರಾಟ್ ಕಣ್ಣು ತಪ್ಪಿಸಿದ.

"ಎರಡನೇದು," ಎಂದ ಮನೆ ಮಾಲೀಕ ಕ್ರಾಂಡಲ್, ಬಾಟಲಿಯನ್ನು ಮೆಟ್ಟಿಲ ಬಳಿಯ ಬೆಳಕಿಗೆ ಹಿಡಿದು. "ಮಂಗಳವಾರ ಒಂದು, ಇವತ್ತು ಗುರುವಾರ ಇನ್ನೊಂದು. ಎರಡೂ ಕೆಳಗಿನ ಮನೇಲೇ, ಲೊರೇನ್ ಸಿಂಕ್ ಹತ್ರ. ಮೈಗೆಲ್ಲ ಬಿಳಿ ಪುಡಿ ಬೇರೆ. ಹಿಟ್ಟಿನ ಡಬ್ಬದಲ್ಲಿ ಹೊರಳಾಡಿ ಬಂದಿರಬೇಕು. ಜಿರಳೆ ಎರಡು ಸಲ ಕಂಡ್ರೆ ಮನೆ ಖಾಲಿ ಅಂತ ಕರಾರಲ್ಲೇ ಇದೆ. ತಿಂಗಳ ಕೊನೆಗೆ ಆ ಯಮ್ಮ ಹೊರಗೆ."

"ಅವರಿಗೆ ಎಪ್ಪತ್ತೊಂದು ವರ್ಷ, ಮಿಸ್ಟರ್ ಕ್ರಾಂಡಲ್."

"ಜಿರಳೆ ಏನು ವಯಸ್ಸು ಕೇಳ್ಕೊಂಡು ಬರುತ್ತಾ?"

ವೆಂಡೆಲ್ ಮೇಲಿನ ಮನೆಗೆ ಹೋದ. ಬಾಗಿಲಿಗೆ ಚಿಲಕ ಹಾಕಿದ. ಬಟ್ಟೆಯ ಕಪಾಟು ತೆರೆದ.

ಕೋಟುಗಳ ಕೆಳಗೆ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ. ಅದರಡಿ ಬೆಚ್ಚಗಿಡುವ ವಿದ್ಯುತ್ ಹಾಸು. ಒಳಗೆ ಸಾಲಾಗಿ ನಿಲ್ಲಿಸಿದ ಮೊಟ್ಟೆ ಟ್ರೇಗಳು, ಅವುಗಳ ಸಂದಿಯಲ್ಲಿ ನೂರಾರು ಜಿರಳೆಗಳ ಸುಖಸಂಸಾರ. ವೆಂಡೆಲ್ ತಾನು ಮೂರು ದಿನದ ಹಳೇ ಪಿಜ್ಜಾ ತಿನ್ನುತ್ತಿದ್ದ. ಅವುಗಳಿಗೆ ತಾಜಾ ಕ್ಯಾರೆಟ್, ತಾಜಾ ಕಿತ್ತಳೆ. ಎಲ್ಲ ಸೆನೆಟರನಿಗಾಗಿ.

ಸೆನೆಟರ್ ಎಂದರೆ ಕಿಟಕಿ ಪಕ್ಕದ ಜಾಲರಿ ಪಂಜರದಲ್ಲಿದ್ದ ಗೋಸುಂಬೆ. ಒಂದು ಕಣ್ಣು ಎಡಪಕ್ಷದ ಮೇಲೆ, ಇನ್ನೊಂದು ಬಲಪಕ್ಷದ ಮೇಲೆ. ನಾಲಿಗೆ ಮೈಗಿಂತ ಉದ್ದ. ಬಣ್ಣ ಸಮಯಕ್ಕೆ ತಕ್ಕಂತೆ. ಬೇರೆ ಹೆಸರು ವೆಂಡೆಲ್‌ಗೆ ಹೊಳೆಯಲೇ ಇಲ್ಲ. ಸೆನೆಟರ್ ಇರುವುದು ಕ್ರಾಂಡಲ್‌ಗೆ ಗೊತ್ತಿತ್ತು. ಏನು ತಿಂದು ಬದುಕಿದೆ ಎಂಬುದು ಗೊತ್ತಿರಲಿಲ್ಲ. ರಾಜಕಾರಣದಲ್ಲಿ ಅದು ಮಾಮೂಲು.

ಗೊತ್ತಿದ್ದವಳು ಲೊರೇನ್ ಒಬ್ಬಳೇ. ಮಂಗಳವಾರ ಮತ್ತು ಗುರುವಾರ ವೆಂಡೆಲ್ ಕನ್ನಡಕದ ಅಂಗಡಿಯಲ್ಲಿ ಸಂಜೆಯವರೆಗೂ ನಿಂತು ಟೊಲಿಡೊ ನಗರದ ದೃಷ್ಟಿ ತಿದ್ದುತ್ತಿದ್ದ. ಆ ಎರಡು ಮಧ್ಯಾಹ್ನ ಅವಳೇ ಕೀಲಿ ತೆಗೆದು ಬಂದು ಸೆನೆಟರನಿಗೆ ಬಡಿಸುತ್ತಿದ್ದಳು. ವೆಂಡೆಲ್ ಬೆಳಿಗ್ಗೆಯೇ ಊಟಕ್ಕೆ ಬೇಕಾದಷ್ಟು ಜಿರಳೆಗಳನ್ನು ಆರಿಸಿ, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ, ಮುಚ್ಚಳದ ಕಪ್ಪಿನಲ್ಲಿಟ್ಟು ಹೋಗುತ್ತಿದ್ದ. ಪೆಟ್ಟಿಗೆಯಲ್ಲಿ ಉಳಿದವಕ್ಕೆ ಪುಡಿಯ ಸೋಂಕಿಲ್ಲ. ಬಲಿಗೆ ಹೊರಟವಕ್ಕೆ ಮಾತ್ರ ಪೌಡರು.

ಅವನು ಪೆಟ್ಟಿಗೆಯ ಅಂಚನ್ನು ಬೆರಳಾಡಿಸಿ ನೋಡಿದ. ಈ ಜಾತಿಯ ಜಿರಳೆ ನುಣುಪು ಗೋಡೆ ಹತ್ತಲಾರದು. ಗೋಸುಂಬೆ ಸಾಕುವವರ ಬಳಗದಲ್ಲಿ ಅದನ್ನು ನೂರು ಜನಕ್ಕೆ ಅವನೇ ಹೇಳಿದ್ದ. ಅಂಚಿನ ಸುತ್ತ ಎರಡು ಬೆರಳಗಲ ನುಣುಪು ಟೇಪು ಬೇರೆ ಅಂಟಿಸಿದ್ದ. ಟೇಪು ನೆಟ್ಟಗಿತ್ತು. ಆದರೂ ಹೇಗೋ ಹತ್ತಿರಬೇಕು. ಜಿರಳೆ ಹತ್ತಿತೋ ಬಿಟ್ಟಿತೋ, ಪಾಪಪ್ರಜ್ಞೆ ಮಾತ್ರ ಅಂಗಾಲಿನಿಂದ ನೆತ್ತಿಗೆ ಹತ್ತಿತು.

ಕೆಳಗೆ ಲೊರೇನ್ ಆಗಲೇ ಸಾಮಾನು ಕಟ್ಟುತ್ತಿದ್ದಳು. ಏನೋ ಹಾಡು ಗುನುಗುತ್ತಿದ್ದಳು. ಪಾಪ, ಧೈರ್ಯಕ್ಕೆ, ಎಂದುಕೊಂಡ ವೆಂಡೆಲ್.

"ಲೊರೇನ್, ಅವು ನನ್ನ ಪೆಟ್ಟಿಗೆಯಿಂದಲೇ..."

"ಶ್. ನಿನ್ನ ಹೆಸರು ನನ್ನ ಬಾಯಲ್ಲಿ ಬರಲ್ಲ ಮರಿ. ಬಂದಿದ್ದೆಲ್ಲ ನನ್ನ ತಲೆ ಮೇಲೇ ಬರಲಿ."

"ನಿಮ್ಮನ್ನ ಮನೆಯಿಂದ ಓಡಿಸ್ತಿದಾನೆ."

"ಓಡಿಸಲಿ. ಈ ವಯಸ್ಸಲ್ಲಿ ಓಡೋಕಾಗುತ್ತಲ್ಲ, ಅದೇ ಸಂತೋಷ." ಅವಳು ಅವನ ಕೈ ಹಿಡಿದಳು. "ನೀನು ಮಾತ್ರ ಬಾಯಿ ಬಿಡಬೇಡ. ಮಾತು ಕೊಡು."

ಅವನು ಮಾತು ಕೊಡಲಿಲ್ಲ. ಅವಳು ಬದಲಿಗೆ ತನ್ನ ಟೋಸ್ಟರ್ ಕೊಟ್ಟಳು. ಅದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುವಾಗ ಅವನಿಗೆ ಬದುಕಿನಲ್ಲಿ ಇಷ್ಟು ಭಾರದ ಟೋಸ್ಟರ್ ಎತ್ತಿದ ನೆನಪಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಕ್ರಾಂಡಲ್‌ನ ಮೇಜಿನ ಮುಂದೆ ನಿಂತಿದ್ದ.

"ಸಾಕ್ತಿದೀಯ?" ಕ್ರಾಂಡಲ್ ಕಾಫಿ ಕೆಳಗಿಟ್ಟ. "ಜಿರಳೇನ? ಬೇಕೂಂತಲೇ?"

"ಗೋಸುಂಬೆಗೆ, ಮಿಸ್ಟರ್ ಕ್ರಾಂಡಲ್. ಲೊರೇನ್‌ದು ಏನೂ ತಪ್ಪಿಲ್ಲ. ಅವರಿಗೆ ಎಲ್ಲಾ ಗೊತ್ತಿತ್ತು, ನನ್ನ ಉಳಿಸೋಕೆ ಸುಮ್ಮನಿದ್ರು."

"ನಾನು ಔಷಧಿ ಹೊಡೆಯೋನಿಗೆ ಚೆಕ್ ಕೊಡ್ತಿದ್ರೆ ನೀನು ಅವಕ್ಕೆ ಕ್ಯಾರೆಟ್ ಕೊಡ್ತಿದೀಯ." ಕ್ರಾಂಡಲ್ ಬಾಗಿಲ ಕಡೆ ಬೆರಳು ತೋರಿಸಿದ. "ತಿಂಗಳ ಕೊನೆಗೆ ನೀನು ಜಾಗ ಖಾಲಿ ಮಾಡು. ನಿನ್ನ ಸೆನೆಟರೂ, ಅವನ ಮತದಾರರೂ."

ಆಮೇಲೆ ಖಾನೆಯಿಂದ ಲೊರೇನಳ ನೋಟಿಸು ತೆಗೆದು ಎರಡು ತುಂಡು ಮಾಡಿದ.

"ಆ ಯಮ್ಮನಿಗೆ ನೀನೇ ಕೊಡು. ಕರಾರು ಜೂನ್ ತನಕ ಇದೆ, ಆರಾಮಾಗಿ ಇರಲಿ ಅಂತ ಹೇಳು."

ವೆಂಡೆಲ್ ಮನೆ ಕಳೆದುಕೊಂಡಿದ್ದ. ಸೆನೆಟರನ ಹೊಟ್ಟೆಯ ಗತಿ ಏನೆಂದು ತಿಳಿಯದು. ಆದರೂ ವಾರದಲ್ಲಿ ಮೊದಲ ಸಲ ಎದೆ ಹಗುರಾಗಿತ್ತು. ಲೊರೇನಳ ಬಾಗಿಲು ಬಡಿದು, ಎರಡು ತುಂಡುಗಳನ್ನೂ ಅವಳ ಕೈಗಿಟ್ಟು, ಎಲ್ಲ ಹೇಳಿದ. ಕ್ರಾಂಡಲ್ ಮುಂದೆ ತಪ್ಪೊಪ್ಪಿಕೊಂಡದ್ದನ್ನೂ.

ಲೊರೇನ್ ಹಾಡು ನಿಲ್ಲಿಸಿದಳು. ತುಂಡುಗಳನ್ನು ಜೋಡಿಸಿ ಓದಿದಳು. ಕಟ್ಟಿಟ್ಟ ಪೆಟ್ಟಿಗೆಯೊಂದರ ಮೇಲೆ ಮೆಲ್ಲಗೆ ಕುಳಿತಳು.

"ಟುಸಾನ್ ಊರಲ್ಲಿ ಬರೋ ತಿಂಗಳ ಐದಕ್ಕೆ ನನ್ನ ಮದುವೆ ಕಣೋ," ಎಂದಳು. "ನಾನಾಗಿ ಮನೆ ಬಿಟ್ರೆ ಜೂನ್ ತನಕ ಬಾಡಿಗೆ ಕಟ್ಬೇಕು. ನನ್ನ ಹತ್ರ ಅಷ್ಟಿಲ್ಲ. ಕ್ರಾಂಡಲ್ ತಾನಾಗಿ ಓಡಿಸಿದ್ರೆ ಏನೂ ಕಟ್ಟಬೇಕಿರಲಿಲ್ಲ."

ವೆಂಡೆಲ್ ಆ ಎರಡು ತುಂಡುಗಳನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡ.

"ಜಿರಳೆ ಕಂಡ್ರೆ ಕುರ್ಚಿ ಹತ್ತೋಳು ನಾನು," ಎಂದಳು ಲೊರೇನ್. "ಅಂಥಾದ್ರಲ್ಲಿ ಎರಡು ಸಲ, ಒಂದೊಂದನ್ನ ಕೈಯಾರೆ ಎತ್ತಿ, ಜೇಬಲ್ಲಿಟ್ಕೊಂಡು ಕೆಳಗಿಳಿದಿದ್ದೆ."