ತಿರುವಿನಲ್ಲಿ ನಿಂತ ಚುಕ್ಕೆ

ಚುಕ್ಕೆ ನಿಂತುಬಿಟ್ಟಿತ್ತು.

ನೂಬಿಯಾ ಮಗ್ಗ ನಿಲ್ಲಿಸಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದಳು. ದುಯಿತಾಮಾ ಪಟ್ಟಣದಿಂದ ಲಾ ರೂಸಿಯಾ ಬೆಟ್ಟಕ್ಕೆ ಸುತ್ತಿ ಸುತ್ತಿ ಹತ್ತುವ ರಸ್ತೆ, ಅದರ ಮೇಲೊಂದು ನೀಲಿ ಚುಕ್ಕೆ. ಆ ಚುಕ್ಕೆಯೇ ಎಫ್ರಾಯಿನ್. ಅವನು ಮತ್ತು ಅವನ ಸೈಕಲ್ಲು.

"ಏನು, ನಿಮ್ಮೆಜಮಾನ್ರು ಮತ್ತೆ ಆ ಅಂಗಡಿಯವಳ ಹತ್ರ ಕೂತ್ಬಿಟ್ರಾ?" ಪಕ್ಕದ ಮಗ್ಗದಿಂದ ಎಲ್ವಿರಾ ಕೇಳಿದಳು.

ಬೆಟ್ಟದ ನೆತ್ತಿಯಲ್ಲಿ ಒಂದು ಅಂಗಡಿಯಿತ್ತು. ಅಲ್ಲಿ ಅವನು ದಿನವೂ ನಿಲ್ಲುತ್ತಿದ್ದ. ಬಿಸಿ ಬೆಲ್ಲದ ನೀರು, ಒಂದು ತುಂಡು ಚೀಸು ಇರಬೇಕು ಎಂದು ನೂಬಿಯಾ ಅಂದುಕೊಂಡಿದ್ದಳು. ಎಲ್ವಿರಾಳ ಊಹೆ ಬೇರೆ ಇತ್ತು.

"ಅಂಗಡಿ ಹತ್ರ ಅಲ್ಲ. ಕೆಳಗಿನ ತಿರುವಿನಲ್ಲಿ."

"ಪಂಕ್ಚರ್ ಆಗಿರತ್ತೆ ಬಿಡಿ. ನನ್ನ ಅಳಿಯನೂ ಸೈಕಲ್ ಹುಚ್ಚನೇ. ಅವನ ಆ್ಯಪ್ ಪುಕ್ಕಟೆ. ಎಷ್ಟು ದೂರ, ಎಷ್ಟು ಏರು, ಎಲ್ಲ ಬರತ್ತೆ. ನಿಮ್ಮೋರು ದುಡ್ಡು ಕೊಟ್ಟು ಇನ್ನೇನು ಹೆಚ್ಚಿಗೆ ನೋಡ್ತಾರೋ!"

"ಅವರು ನೋಡಲ್ಲ. ದುಡ್ಡು ಕಟ್ಟಿದ್ರೆ ಬೇರೆಯವರಿಗೆ ಕಾಣತ್ತೆ. ದಾರಿಯುದ್ದಕ್ಕೂ."

"ಅಯ್ಯೋ ತಾಯಿ! ನನ್ನ ಗಂಡ ಕಾಣದೇ ಇದ್ರೇನೇ ನನಗೆ ನೆಮ್ಮದಿ. ಬೇಕಾದ್ರೆ ಅದಕ್ಕೆ ದುಡ್ಡು ಕಟ್ತೀನಿ."

ಮಗ್ಗದ ಮನೆಯವರೆಲ್ಲ ನಕ್ಕರು. ನೂಬಿಯಾ ನಗಲಿಲ್ಲ. ಚುಕ್ಕೆ ಕದಲಿರಲಿಲ್ಲ.

ಅವಳು ಸಮುದ್ರ ತೀರದ ತುಮಾಕೊದಿಂದ ಈ ಚಳಿಯ ಊರಿಗೆ ಬಂದದ್ದು ಹೋದ ವರ್ಷ. ರುವಾನಾ ಎಂಬ ಉಣ್ಣೆಯ ಮೇಲುಹೊದಿಕೆ ನೇಯುವ ಕೆಲಸ ಹೊಸದು, ಬಾಡಿಗೆ ಕೋಣೆ ಹೊಸದು, ಫೋನ್ ನಂಬರು ಕೂಡ ಹೊಸದು. ಬೀದಿಯಲ್ಲಿ ಹೆಸರು ಹಿಡಿದು ಕರೆಯುವವರಿರಲಿಲ್ಲ. ಬೆಳಿಗ್ಗೆ ಮಾತ್ರ ಮೊಬೈಲು ತಪ್ಪದೆ ಒಮ್ಮೆ ಮಿಡಿಯುತ್ತಿತ್ತು: "ಹೊರಟೆ ಕಣೇ." ಅದರ ಕೆಳಗೆ ಅವನ ಹೆಸರಿದ್ದ ನಕ್ಷೆಯ ಕೊಂಡಿ.

ಅವನು ಎಲ್ಲಿ ನಿಧಾನವಾಗುತ್ತಾನೆ, ಎಲ್ಲಿ ಇಳಿದು ತಳ್ಳುತ್ತಾನೆ, ಎಲ್ಲಿ ಗಾಳಿಗೆ ಮೈಕೊಟ್ಟು ಇಳಿಯುತ್ತಾನೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಭಾನುವಾರ ಬಿಸಿ ಚಾಕೊಲೇಟಿನ ಜಗ್ಗಿಗೆ ಮೊಬೈಲು ಒರಗಿಸಿಟ್ಟು, ಚುಕ್ಕೆಯನ್ನು ನೋಡುತ್ತ ಒಬ್ಬಳೇ ಮೆಕ್ಕೆಜೋಳದ ಅರೇಪಾ ರೊಟ್ಟಿ ತಿನ್ನುವಳು. ಸವಾರಿ ಮುಗಿದು ಚುಕ್ಕೆ ಆರಿದ ಮೇಲೆ ಕೋಣೆ ಇನ್ನಷ್ಟು ತಣ್ಣಗಾದಂತೆ ಅನಿಸುತ್ತಿತ್ತು. ಎಷ್ಟೋ ಸಲ ಉತ್ತರ ಬರೆಯಲು ಕೂತು, ಬರೆದದ್ದನ್ನು ಅಳಿಸಿದ್ದಳು.

"ನೀವಿಬ್ರೂ ಮಾತಾಡಲ್ವಾ?" ಎಂದು ಎಲ್ವಿರಾ ಒಮ್ಮೆ ಕೇಳಿದ್ದಳು.

"ಕಮ್ಮಿ," ಎಂದಿದ್ದಳು ನೂಬಿಯಾ.

ಈಗ ಅವಳು ಅಂಗಳಕ್ಕೆ ಬಂದು ಆ ನಂಬರಿಗೆ ಕರೆ ಮಾಡಿದಳು. ಮೊದಲ ಸಲ. ಗಂಟೆ ಹೊಡೆಯುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ತುರ್ತು ಸೇವೆಗೆ ಕರೆ ಮಾಡಿದಳು.

"ಯಾವ ಬಣ್ಣದ ಬಟ್ಟೆ ಹಾಕಿದ್ರು?" ಆ ಕಡೆಯ ಹೆಂಗಸು ಕೇಳಿದಳು.

"ಗೊತ್ತಿಲ್ಲ. ಹೊರಡುವಾಗ ನಾನು ನೋಡಲಿಲ್ಲ."

"ಸೈಕಲ್ ಹೊಡೆಯೋರು ದಾರೀಲಿ ಕೂತ್ಕೋತಾರಮ್ಮ. ಸ್ವಲ್ಪ ಹೊತ್ತು ಕಾಯಿರಿ."

ನೂಬಿಯಾ ಕಾಯಲಿಲ್ಲ. ಬೆಟ್ಟದ ಕಡೆ ಹೊರಟಿದ್ದ ಹಾಲಿನ ಲಾರಿಗೆ ಅಡ್ಡ ನಿಂತಳು. ಚಾಲಕ ಬೈದ. ಅವಳ ಮುಖ ನೋಡಿ ಬಾಗಿಲು ತೆಗೆದ.

ತಿರುವಿನಲ್ಲಿ ಯಾರೂ ಇರಲಿಲ್ಲ. ಮಂಜು ಮಾತ್ರ. ಚಾಲಕ ಹಿಂತಿರುಗೋಣ ಎಂದ. ನೂಬಿಯಾ ಮತ್ತೆ ಕರೆ ಮಾಡಿದಳು. ರಸ್ತೆಯ ಕೆಳಗೆ, ಪೊದೆಗಳ ನಡುವೆ, ಸಣ್ಣಗೆ ಫೋನು ಗುಣುಗುಟ್ಟಿತು.

ಸೈಕಲ್ಲಿನ ಮುಂದಿನ ಗಾಲಿ ಎರಡಾಗಿ ಮಡಚಿಕೊಂಡಿತ್ತು. ಅವನು ಒಂದು ಬದಿಗೆ ಬಿದ್ದಿದ್ದ. ಉಸಿರಿತ್ತು. ತುಟಿ ನೀಲಿಯಾಗಿತ್ತು. ಅವಳು ತನ್ನ ರುವಾನಾ ತೆಗೆದು ಅವನಿಗೆ ಹೊದಿಸಿದಳು. ಚಾಲಕ ಆಂಬುಲೆನ್ಸಿಗೆ ಕರೆ ಮಾಡಿದ. ಅದು ಬರುವವರೆಗೂ, ಬಂದ ಮೇಲೂ, ಅವಳು ಎಫ್ರಾಯಿನ್ ಕೈ ಬಿಡಲಿಲ್ಲ.

"ಆ ಚಳಿಯಲ್ಲಿ ಇನ್ನೊಂದು ಸ್ವಲ್ಪ ಹೊತ್ತು ಬಿದ್ದಿದ್ರೆ ಉಳೀತಿರಲಿಲ್ಲ," ಎಂದರು ಆಸ್ಪತ್ರೆಯ ಡಾಕ್ಟರು. ನರ್ಸ್ ಅವಳಿಗೆ ಕುರ್ಚಿ ತಂದುಕೊಟ್ಟಳು. "ಪುಣ್ಯ ಮಾಡಿದಾರೆ ನಿಮ್ಮ ಯಜಮಾನ್ರು. ಇಷ್ಟು ನಿಗಾ ಇಡೋರು ಯಾರಿಗೆ ಸಿಗ್ತಾರೆ?"

ನೂಬಿಯಾ ತಲೆ ತಗ್ಗಿಸಿ ಕೂತಳು.

ಮಧ್ಯಾಹ್ನ ಎಫ್ರಾಯಿನ್ ಕಣ್ಣು ಬಿಟ್ಟ. ಚಾವಣಿ ನೋಡಿದ. ಪ್ಲಾಸ್ಟರ್ ಹಾಕಿದ ಕಾಲು ನೋಡಿದ. ಆಮೇಲೆ ಅವಳನ್ನು ಬಹಳ ಹೊತ್ತು ನೋಡಿದ.

"ಕ್ಷಮಿಸಿ ಅಮ್ಮ. ನೀವು ಯಾರು?"

ನರ್ಸ್ ಅವಳ ಭುಜ ಮುಟ್ಟಿದಳು. "ಗಾಬರಿ ಆಗ್ಬೇಡಿ. ತಲೆಗೆ ಪೆಟ್ಟು ಬಿದ್ದಾಗ ಹೀಗೆ ಮರೆವಾಗತ್ತೆ. ನಿಧಾನಕ್ಕೆ ನೆನಪು ಬರತ್ತೆ."

"ಮರೆವಲ್ಲ," ಎಂದಳು ನೂಬಿಯಾ. "ಇವರು ನನ್ನನ್ನ ನೋಡ್ತಿರೋದು ಇದೇ ಮೊದಲು. ನಾನೂ ಇವರ ಮುಖ ನೋಡಿದ್ದು ಇವತ್ತೇ." ಅವಳು ಅವನ ಕಡೆ ತಿರುಗಿದಳು. "ಈ ಊರಿಗೆ ಬಂದು ಸಿಮ್ ತಗೊಂಡೆ. ಮಾರನೇ ದಿನದಿಂದ ನಿಮ್ಮ ಮೆಸೇಜು ಬರೋಕೆ ಶುರುವಾಯ್ತು. ಈ ನಂಬರು ಮೊದಲು ಯಾರದ್ದಾಗಿತ್ತೋ ನನಗೆ ಗೊತ್ತಿಲ್ಲ."

"ನನ್ನ ಹೆಂಡ್ತಿದು," ಎಂದ ಎಫ್ರಾಯಿನ್. "ತೀರಿಕೊಂಡು ಎರಡು ವರ್ಷ ಆಯ್ತು. ಕಳಿಸೋದು ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

ನರ್ಸ್ ಸದ್ದಿಲ್ಲದೆ ಹೊರಗೆ ಹೋದಳು.

"ತಪ್ಪು ನಂಬರು ಅಂತ ನಾನು ಅವತ್ತೇ ಹೇಳ್ಬೇಕಿತ್ತು," ಎಂದಳು ನೂಬಿಯಾ.

"ಹೋದ ವರ್ಷ ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಆ್ಯಪಿನಲ್ಲಿ ಬಂತು, ಯಾರೋ ನಿಮ್ಮ ಸವಾರಿ ನೋಡ್ತಿದಾರೆ ಅಂತ. ಅವತ್ತಿಂದ ದಿನಾ ಬಂತು. ಯಾರು ಅಂತ ಕೇಳಿದ್ರೆ ನೋಡೋದು ನಿಲ್ಲಿಸಿಬಿಡ್ತೀರೇನೋ ಅಂತ ಹೆದರಿ, ಸುಮ್ನೆ ಆ್ಯಪಿಗೆ ದುಡ್ಡು ಕಟ್ತಾ ಹೋದೆ."