ಬೋಲ್ಟಿಗೆ ನಟ್ ಆಗಲ್ಲ

ಕೂಸನ್ನು ಕೂರಿಸುವ ಮೊದಲೇ ಕುರ್ಚಿ ಕೂತುಬಿಟ್ಟಿತು. ಮಗಳು ಅದನ್ನು ಊಟದ ಮೇಜಿನ ಪಕ್ಕಕ್ಕೆ ಎಳೆದದ್ದಷ್ಟೇ. ಕೂಸಿನ ಎತ್ತರದ ಕುರ್ಚಿಯ ನಾಲ್ಕು ಕಾಲೂ ಪಾಲಾದ ಅಣ್ಣತಮ್ಮಂದಿರಂತೆ ನಾಲ್ಕು ದಿಕ್ಕಿಗೆ ಹೋದವು. ಮುಂದಿನ ಹಲಗೆ ದಢಾರನೆ ಬಿದ್ದು, ಗಿರಗಿರ ತಿರುಗಿ, ಕೊನೆಗೆ 'ಟ್ಣ್' ಎಂದು ಸುಮ್ಮನಾಯಿತು. ಮಗಳ ಸೊಂಟದ ಮೇಲಿದ್ದ ಬೋಲ್ಟು, ಇನ್ನೊಮ್ಮೆ ಆಗಲಿ ಎಂಬಂತೆ ಚಪ್ಪಾಳೆ ತಟ್ಟಿದಳು. ದುಂಡು ತಲೆ, ಗಟ್ಟಿ ಮೈ ಕಂಡು ಕೂಸಿಗೆ ಆ ಹೆಸರಿಟ್ಟವರು ಮೆಕ್ಯಾನಿಕ್ ತಾತ.

"ಅಪ್ಪಾ!"

ಮನೆಯ ಕೆಳಗಿನ ಗ್ಯಾರೇಜಿನಿಂದ ತಾತ ಕೈ ಒರೆಸಿಕೊಳ್ಳುತ್ತ, ಎಡಗಾಲು ಸ್ವಲ್ಪ ಎಳೆಯುತ್ತ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತರು. ಒಂದು ವಾರದಿಂದ, ಕೂಸು ಎದ್ದಿರುವಷ್ಟು ಹೊತ್ತೂ ಅವರ ಗಡಿ ಆ ಹೊಸ್ತಿಲು. ಅಲ್ಲಿಂದಲೇ 'ಪೀಂ ಪೀಂ', 'ಡುಗುಡುಗುಡುಗು' ಎಂದು ಬಾಯಲ್ಲೇ ಹಳೇ ಬೈಕು ಸ್ಟಾರ್ಟ್ ಮಾಡಿ ಮೊಮ್ಮಗಳನ್ನು ನಗಿಸುತ್ತಿದ್ದರು. ಅವಳು ಎತ್ತಿಕೋ ಎಂದು ಕೈ ಚಾಚಿದರೆ ಮಾತ್ರ, ರಿವರ್ಸ್ ಗೇರೇ ಇಲ್ಲದ ಆ ಬೈಕು ಹಿಂದಕ್ಕೆ ಹೋಗುತ್ತಿತ್ತು.

ಕಾರಣ ತನಗೆ ಗೊತ್ತು ಎಂದುಕೊಂಡಿದ್ದಳು ಮಗಳು. ತನ್ನ ಹೊಸ ಪದ್ಧತಿ ಅಪ್ಪನಿಗೆ ಹಿಡಿಸಿಲ್ಲ. ಕಲಸಿ ತುರುಕುವಂತಿಲ್ಲ, ಬೆರಳುದ್ದ ಹೆಚ್ಚಿ ಹಬೆಯಲ್ಲಿ ಬೇಯಿಸಿದ ಕ್ಯಾರೆಟ್ಟು, ಗೆಣಸು, ಕುಂಬಳಕಾಯಿಯನ್ನು ಕೂಸು ತಾನೇ ಹಿಡಿದು ತಿನ್ನಬೇಕು. ಅದಕ್ಕೆ ಹಾಲು, ಮೊಟ್ಟೆ, ಗೋಧಿ ಯಾವುದೂ ಸೋಕುವಂತಿಲ್ಲ. ಬೋಲ್ಟು ತಿಂದದ್ದಕ್ಕಿಂತ ಬಳಿದುಕೊಂಡದ್ದೇ ಹೆಚ್ಚು. ಜೀವನವಿಡೀ ಗ್ರೀಸ್ ಬಳಿದುಕೊಂಡ ಮನುಷ್ಯನಿಗೆ ಗೆಣಸು ಹೇಸಿಗೆಯಾಯಿತೇ ಎಂದು ಅವಳು ಒಳಗೊಳಗೇ ನೊಂದಿದ್ದಳು.

"ಕುರ್ಚಿಗೆ ಏನ್ ಮಾಡ್ದೆ ಅಪ್ಪ?"

"ನಟ್ ಎಲ್ಲಾ ಬಿಚ್ಚಿದೆ." ತಾತ ಅಂಗಿಯ ಜೇಬು ಅಲ್ಲಾಡಿಸಿದರು, ಝಣ್ ಝಣ್. "ಇವತ್ತು ಬೆಳಗ್ಗೆ ಹೊಳೀತು ನೋಡು, ಅವಳು ಕೂರೋದ್ರಲ್ಲೂ ನಟ್ ಇದೆಯಲ್ಲಾ ಅಂತ. ಹಗ್ಗದಲ್ಲಿ ಬಿಗಿಯೋಣ ಅಂತ ಹಗ್ಗ ತರೋಕೆ ಇಳಿದೆ, ಅಷ್ಟರಲ್ಲಿ ನೀನು ಎಳೆದೆ."

"ನಟ್ ಇದ್ರೆ ನಿಂಗೇನಪ್ಪಾ ಕಷ್ಟ?"

"ನಂಗಲ್ಲ, ಅವಳಿಗೆ! ಬಿಸ್ಕತ್ತು ಚೀಪಿ ಮೈಯೆಲ್ಲ ದದ್ದು ಎದ್ದ ದಿನ, ಡಾಕ್ಟರ ಹತ್ರ ಹೋಗಿಬಂದು ಹೇಳಿದ್ದು ನೀನೇ ಅಲ್ವಾ?" ತಾತ ಮೂಗು ಹಿಡಿದುಕೊಂಡು, ಅಂದು ಡಾಕ್ಟರನ್ನು ಅಣಕಿಸಿದ್ದ ಮಗಳನ್ನು ಅಣಕಿಸಿದರು. "'ನೋಡಮ್ಮಾ, ಮಗೂಗೆ ನಟ್ ಆಗಲ್ಲಾ. ಮನೇಲಿ ನಟ್ ಇರಲೇಬಾರ್ದೂ. ನಟ್ ಮುಟ್ಟಿದ ಕೈ ತೊಳೀದೆ ಮಗೂನ ಮುಟ್ಟಬಾರ್ದೂ.' ಅವತ್ತಿಂದ ತುತ್ತು ಇಳೀತಿಲ್ಲ ಕಣಮ್ಮ ನಂಗೆ. ಬೋಲ್ಟಿಗೇ ನಟ್ ಆಗಲ್ಲ ಅಂದ್ಮೇಲೆ ಈ ಪ್ರಪಂಚದಲ್ಲಿ ಇನ್ಯಾರಿಗೆ ಯಾರು ಆಗ್ತಾರೆ?"

ಮಗಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಅಯ್ಯೋ ಅಪ್ಪಾ! ಅದು ಬಿಗಿಯೋ ನಟ್ಟಲ್ಲ, ಬಾಯಿಗೆ ಹಾಕೋ ನಟ್ಟು! ಗೋಡಂಬಿ, ಬಾದಾಮಿ! ಆ ಬಿಸ್ಕತ್ತಲ್ಲಿ ಗೋಡಂಬಿ ಇತ್ತು!"

"ಗೋಡಂಬಿನಾ? ಗೋಡಂಬೀನ ಗೋಡಂಬಿ ಅನ್ನೋಕೆ ಏನ್ ದೊಡ್ಡರೋಗ ನಿಮಗೆಲ್ಲ?"

ಬೇಯಿಸಿದ ತರಕಾರಿಯ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದ ಅಜ್ಜಿ, ನಗು ತಡೆಯಲಾರದೆ ತಟ್ಟೆಯನ್ನು ಮೇಜಿನ ಮೇಲಿಟ್ಟು ಗೋಡೆ ಹಿಡಿದುಕೊಂಡರು. ತಾತ ನಗಲಿಲ್ಲ. ಹೊಸ್ತಿಲ ಆಚೆಗೇ ನಿಂತು ಮೆಲ್ಲಗೆ ಕೇಳಿದರು:

"ಹಾಗಾದ್ರೆ... ಕಾಲಿಂದು?"

"ಯಾವ ಕಾಲು? ಕುರ್ಚಿದಾ?"

"ನಂದು. ಲಾರಿ ಗುದ್ದಿದಾಗ ಆಸ್ಪತ್ರೇಲಿ ಇದಕ್ಕೆ ರಾಡು, ನಟ್ಟು, ಎಲ್ಲಾ ಹಾಕಿದ್ರಲ್ಲ." ಎಡ ತೊಡೆಯನ್ನು ಸವರಿಕೊಂಡರು. "ಕೈ ಆದ್ರೆ ತೊಳೀಬಹುದು. ಕುರ್ಚಿ ಆದ್ರೆ ಬಿಚ್ಚಬಹುದು. ಇದನ್ನ ಏನ್ ಮಾಡ್ಲಿ? ತೊಡೆ ಮೇಲೆ ಕೂರಿಸ್ಕೊಂಡು, ಮತ್ತೆ ಮೈಯೆಲ್ಲ ಎದ್ದುಬಿಟ್ರೆ ಅಂತ..."

ಮಗಳು ಅಪ್ಪನ ತೋಳು ಹಿಡಿದು ಒಳಗೆ ಕರೆತಂದು, ಮೇಜಿನ ಮುಂದೆ ಕೂರಿಸಿ, ಬೋಲ್ಟನ್ನು ಸರಿಯಾಗಿ ಆ ಎಡ ತೊಡೆಯ ಮೇಲೆಯೇ ಇಟ್ಟಳು. ತಾತ ಉಸಿರು ಬಿಗಿಹಿಡಿದು ಕೂಸಿನ ಕಾಲು ತಿರುಗಿಸಿ ನೋಡಿದರು, ತೋಳು ತಿರುಗಿಸಿ ನೋಡಿದರು. ದದ್ದಿಲ್ಲ. ಆಮೇಲೆ ತಟ್ಟೆಯಿಂದ ಒಂದು ಕ್ಯಾರೆಟ್ ತುಂಡು ಎತ್ತಿ, ಟೈರಿನ ಗಾಳಿ ನೋಡುವವರಂತೆ ಹೆಬ್ಬೆರಳಲ್ಲಿ ಒತ್ತಿದರು. "ಮೆತ್ತಗಿದೆ. ಗಾಡಿ ಬಿಡಬಹುದು." ಅವರ ಕೈ ತಾನಾಗಿಯೇ ಕೂಸಿನ ಬಾಯಿಯತ್ತ ಹೊರಟಿತು.

"ಅಪ್ಪಾ, ತುರುಕೋ ಹಾಗಿಲ್ಲ!"

ಕೈ ಬ್ರೇಕು ಹಾಕಿ ಕ್ಯಾರೆಟ್ಟನ್ನು ಕೂಸಿನ ಮುಂದಿಟ್ಟಿತು. ಬೋಲ್ಟು ಅದನ್ನು ಮುಷ್ಟಿಯಲ್ಲಿ ಹಿಡಿದು, ಹಲ್ಲಿಲ್ಲದ ಬಾಯಲ್ಲಿ ಹಣ್ಣುಗಾಯಿ ಮಾಡತೊಡಗಿದಳು.

ಕಣ್ಣೊರೆಸಿಕೊಳ್ಳುತ್ತಿದ್ದ ಅಜ್ಜಿ, ಒರೆಸಿಕೊಳ್ಳುತ್ತಿರುವುದು ನಕ್ಕು ಬಂದ ಕಣ್ಣೀರನ್ನೇ ಎಂದು ತೋರಿಸಲೆಂಬಂತೆ, ದನಿ ಏರಿಸಿದರು: "ಅವತ್ತೇ ಆ ಆಸ್ಪತ್ರೆಯವರಿಗೆ ಬಡ್ಕೊಂಡೆ. ಹೇಗೂ ನಟ್ ಬಿಗೀತಿದೀರ, ಕಾಲಿಗೆ ಬೇಡ, ಇವರ ತಲೆಗೆ ಬಿಗೀರಿ ಅಂತ!"

ತಾತ ತಕ್ಕ ಉತ್ತರ ಕೊಡಲು ಬಾಯಿ ತೆರೆದರು. ಅದಕ್ಕೇ ಕಾದಿದ್ದವಳಂತೆ ಬೋಲ್ಟು, ಅರ್ಧ ಚೀಪಿದ ಕ್ಯಾರೆಟ್ಟನ್ನು ಅದರೊಳಗೆ ತುರುಕಿ, ಅಂಗೈಯಿಂದ ಒತ್ತಿ ಟೈಟ್ ಮಾಡಿದಳು.